ವೈಶಾಖದಲ್ಲಿ ಸ್ವೆಟರು

ನಮ್ಮ ಅಡುಗೆಮನೆಯಲ್ಲಿ ಒಂದರೊಳಗೊಂದು ಕೂಡುವ ಐದು ಸ್ಟೀಲ್ ಡಬ್ಬಿಗಳಿವೆ. ದೊಡ್ಡದರಲ್ಲಿ ಜೋಳದ ಹಿಟ್ಟು, ಅದಕ್ಕಿಂತ ಸಣ್ಣದರಲ್ಲಿ ತೊಗರಿಬೇಳೆ, ಮೂರನೆಯದರಲ್ಲಿ ಶೇಂಗಾ, ನಾಲ್ಕನೆಯದರಲ್ಲಿ ಬೆಲ್ಲ. ಐದನೆಯದು ಖಾಲಿ. ಅದರಲ್ಲೇನಿದೆ ಎಂದು ಸೊಸೆ ಕೇಳಿದಾಗ, "ನನ್ನ ಪಾಪ ಅದ" ಎಂದೆ. ಅವಳು, "ಮುಚ್ಚಳಾ ಬಿಗಿ ಹಾಕ್ರಿ ಅತ್ತಿ, ಇರುವಿ ಬಂದಾವು" ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು.

ಈ ಡಬ್ಬಿಗಳಿಗೆ ಈಗ ನನ್ನ ಸೊಸೆಗಿಂತ ಹೆಚ್ಚು ವಯಸ್ಸು. ಹೊಳಪು ಮಾತ್ರ ಒಂದಿಷ್ಟೂ ಮಾಸಿಲ್ಲ. ನ್ಯಾಯವಾಗಿ ಕೊಂಡ ಮಿಕ್ಸರು ಮೂರು ಸಲ ಕೆಟ್ಟಿದೆ. ಪಾಪದ ವಸ್ತು ಬಾಳಿಕೆ ಬರುತ್ತದೆ ಎಂಬುದು ನನ್ನ ಅನುಭವ.

ಆಗಿನ ಕಾಲದಲ್ಲಿ ಸ್ಟೀಲೆಂದರೆ ಏನಾಗಿತ್ತು ಎಂದು ಈಗಿನವರಿಗೆ ತಿಳಿಸುವುದು ಕಷ್ಟ. ರಾಯಚೂರಿನ ಕೋಟೆಯ ಪಕ್ಕದ ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಹಿತ್ತಾಳೆ, ತಾಮ್ರ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವು. ಎಲ್ಲಾದರೂ ಹೆಬ್ಬೆಟ್ಟು ಒತ್ತುವ ಪ್ರಸಂಗ ಬಂದಿದ್ದರೆ ಸರಕಾರಕ್ಕೆ ನನ್ನ ಗುರುತು ಸಿಗುತ್ತಿರಲಿಲ್ಲ. ಪಕ್ಕದ ಮನೆಯ ಸರೋಜಳ ಮದುವೆಯಲ್ಲಿ ಸ್ಟೀಲ್ ಭಾಂಡೆಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ಬಂದ ಹೆಂಗಸರೆಲ್ಲ ಮೊದಲು ಭಾಂಡೆ ನೋಡಿ, ಆಮೇಲೆ ಮದುಮಗನನ್ನು ನೋಡಿದರು. ಆ ಹೊತ್ತಿಗೆ ನನ್ನ ಮದುವೆಯೂ ಮಾನ್ವಿಯ ಕಡೆ ಗೊತ್ತಾಗಿತ್ತು. ನನ್ನ ಚಾಪೆಯ ಮೇಲೆ ಏನಿಡುತ್ತಾರೆ ಎಂಬ ಚಿಂತೆ ನನಗೆ ಹತ್ತಿದ್ದು ಅವತ್ತೇ.

ಚಿಂತೆ ಹತ್ತಲು ಕಾರಣ ನನ್ನಣ್ಣ. ಅವನ ಹೆಸರು ಶ್ರೀನಿವಾಸ, ಮನೆಯಲ್ಲಿ ಶೀನಣ್ಣ, ನನಗಿಂತ ಒಂಬತ್ತು ವರ್ಷ ದೊಡ್ಡವನು. ದೇವದುರ್ಗದ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಮಾಸ್ತರನಾಗಿದ್ದ. ವಾರವಿಡೀ ಅಲ್ಲಿ, ಶನಿವಾರದ ಬಸ್ಸಿಗೆ ರಾಯಚೂರು. ಅವನ ಮನಸ್ಸಿನಲ್ಲಿ ನನ್ನ ಬಗ್ಗೆ ಒಂದು ಮುಳ್ಳಿತ್ತು. ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ತರಗತಿ. ಇಬ್ಬರನ್ನೂ ಓದಿಸುವ ಶಕ್ತಿ ಮನೆಗಿರಲಿಲ್ಲವಾಗಿ ಅವನು ಮಾಸ್ತರಿಕೆಯ ತರಬೇತಿಗೆ ಹೋದ, ನಾನು ಒಲೆಯ ಮುಂದೆ ಕೂತೆ. ನಿಜ ಹೇಳಬೇಕೆಂದರೆ ನನಗೇನೂ ದುಃಖವಾಗಿರಲಿಲ್ಲ. ತೊಟ್ಟಿಗೆ ಎರಡು ನಳ ಬಿಟ್ಟರೆ ಎಷ್ಟು ತಾಸಿನಲ್ಲಿ ತುಂಬುತ್ತದೆ ಎಂಬ ಲೆಕ್ಕವನ್ನು ರಾಯಚೂರಿನ ಹುಡುಗಿಗೆ ಕೇಳಿದರೆ ಅವಳು ಏನು ಹೇಳಬೇಕು? ನಮ್ಮಲ್ಲಿದ್ದ ಒಂದೇ ನಳ ಎರಡು ದಿನಕ್ಕೊಮ್ಮೆ ಕೆಮ್ಮುತ್ತಿತ್ತು, ಅಷ್ಟೆ.

ಶಾಲೆ ಬಿಟ್ಟರೂ ಅಕ್ಷರವನ್ನೇನೂ ನಾನು ಬಿಡಲಿಲ್ಲ. ಕಿರಾಣಿ ಪೊಟ್ಟಣ ಬಿಚ್ಚಿದರೆ ಕಾಗದವನ್ನು ಮೊದಲು ಓದಿ ಆಮೇಲೆ ಸಾಸಿವೆ ಡಬ್ಬಿಗೆ ಹಾಕುತ್ತಿದ್ದೆ. ಹಾಗಾಗಿ ಜಗತ್ತಿನ ಸುದ್ದಿಯೆಲ್ಲ ನನಗೆ ಅರ್ಧರ್ಧ ಗೊತ್ತಿತ್ತು. ಅವ್ವನಿಗೆ ದಿನಾ ಪಂಚಾಂಗ ಓದಿ ಹೇಳುವವಳೂ ನಾನೇ. ಭಾನುವಾರ ಮಾತ್ರ ಶೀನಣ್ಣ ಮನೆಯಲ್ಲಿರುತ್ತಿದ್ದುದರಿಂದ ಆ ಕೆಲಸ ಅವನದು. ಹೀಗಾಗಿ ಶಾಲೆ ಬಿಟ್ಟ ಮೇಲೆ ತಂಗಿ ಓದುವುದನ್ನು ಅವನು ಕಣ್ಣಾರೆ ನೋಡಿರಲಿಲ್ಲ; ಕಲಿತ ನಾಲ್ಕಕ್ಷರವನ್ನೂ ಒಲೆಯ ಮುಂದೆ ಮರೆತಿದ್ದಾಳೆ ಎಂದೇ ತಿಳಿದಿದ್ದ. ಇದನ್ನು ನೀವು ನೆನಪಿಡಬೇಕು.

ಅವನ ಶಾಲೆಯಲ್ಲಿ ಒಂದು ಅಂಗಿ ಇತ್ತು. ಬೆಳಿಗ್ಗೆ ಆ ಅಂಗಿಯಲ್ಲಿ ಒಬ್ಬ ಉದ್ದನೆಯ ಹುಡುಗ ಬರುತ್ತಿದ್ದ, ಮಧ್ಯಾಹ್ನ ಅದೇ ಅಂಗಿಯಲ್ಲಿ ಒಬ್ಬ ಗಿಡ್ಡ. ವಿಚಾರಿಸಿದರೆ ಅಣ್ಣತಮ್ಮಂದಿರು. ಅವರ ಅಜ್ಜಿ ಹನುಮವ್ವ ಶಾಲೆಯ ತನಕ ಬಂದು ನ್ಯಾಯ ಹೇಳಿದಳಂತೆ: "ಯಪ್ಪಾ ಮಾಸ್ತರ, ಇಬ್ಬರನ್ನೂ ಕೂಡಿಸಿ ಒಬ್ಬ ಅಂತ ಬರಕೋ. ಪಾಸಾದ್ರೂ ಇಬ್ಬರೂ ಕೂಡೇ ಆಗ್ತಾರ."

ಅವನು ಇದನ್ನು ಹೇಳಿದಾಗ ನಾನೂ ಅವ್ವನೂ ನಕ್ಕೆವು. ಅವನು ನಗಲಿಲ್ಲ. ಮುಂದಿನ ಶನಿವಾರ ಬರುವಾಗ ಒಂದು ಸಂಘವನ್ನೇ ಕಟ್ಟಿಕೊಂಡು ಬಂದ. ಹೆಸರು 'ವಸ್ತ್ರ ಸಹಾಯ ಹಾಗೂ ಗ್ರಾಮಾಭ್ಯುದಯ ಸೇವಾ ಸಂಘ'. ಬೋರ್ಡಿಗೆ ಸಿಕ್ಕ ಹಲಗೆ ಸಣ್ಣದಾದ್ದರಿಂದ ಪೇಂಟರು 'ವಸ್ತ್ರ ಸಹಾಯ ಹಾಗೂ ಗ್ರಾ' ಎಂಬಲ್ಲಿಗೆ ನಿಲ್ಲಿಸಿದ್ದ. ಓಣಿಯವರಿಗೆ ಅಷ್ಟೂ ಉದ್ದವೆನಿಸಿ 'ಅರಿವಿ ಸಂಘ' ಎಂದರು. ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತಾರೆ. ಬಟ್ಟೆ ಕೊಡುವುದು ಮೊದಲ ಹೆಜ್ಜೆ, ಆಮೇಲೆ ಊರು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಇದು ಶೀನಣ್ಣನ ಯೋಜನೆ.

ಕಾರ್ಯದರ್ಶಿ ಅವನೇ. ಹೊಲಿಗೆಗೆ ನಮ್ಮ ಓಣಿಯ ದರ್ಜಿ ಖಾಸಿಂಸಾಬರು. ಬಟ್ಟೆ ಇಡುವ ಕೋಣೆಗೆ, ಅಂದರೆ ಉಗ್ರಾಣಕ್ಕೆ, ನಾನು. ಅಧ್ಯಕ್ಷೆ ಅವ್ವ.

"ಅಧ್ಯಕ್ಷರಾದವರು ಏನು ಮಾಡಬೇಕೋ ಶೀನಾ?" ಅವ್ವ ಗಾಬರಿಯಿಂದ ಕೇಳಿದಳು.

"ಏನೂ ಮಾಡಬಾರದವ್ವಾ. ಸುಮ್ಮ ಕೂತಿರಬೇಕು."

"ಹಂಗಾದ್ರ ನಿಮ್ಮಪ್ಪ ಇರಬೇಕಿತ್ತು. ಜೀವಮಾನ ಅದನ್ನೇ ಮಾಡಿದ್ರು."

ಅವ್ವ ಸುಮ್ಮನೆ ಕೂರುವ ಹೆಂಗಸಲ್ಲ. ನಮ್ಮದು ಮಡಿಯ ಮನೆ. ಒಗೆದ ಮಡಿಬಟ್ಟೆಯನ್ನು ಯಾರೂ ಮುಟ್ಟದಂತೆ ಎತ್ತರದ ಹಗ್ಗಕ್ಕೆ ಹಾಕಲು ಒಂದು ಉದ್ದ ಕೋಲಿರುತ್ತದಲ್ಲ, ಅಂಥದೇ ಇನ್ನೊಂದು ಕೋಲನ್ನು ಅವ್ವ ಸಂಘಕ್ಕಾಗಿ ತರಿಸಿಕೊಂಡಳು. ಊರಿನವರೆಲ್ಲ ಉಟ್ಟುಬಿಟ್ಟ ಬಟ್ಟೆ ನಡುಮನೆಯಲ್ಲಿ ರಾಶಿ ಬಿದ್ದಾಗ ಅಧ್ಯಕ್ಷರು ಅಡುಗೆಮನೆಯ ಹೊಸ್ತಿಲೊಳಗೆ ನಿಂತು, ಕೋಲು ಚಾಚಿ, ಒಂದೊಂದನ್ನೇ ಎತ್ತಿ ತೀರ್ಪು ಕೊಡುತ್ತಿದ್ದರು. "ಇದು ನಡೀತದ. ಇದು ಒರಸೋ ಅರಿವಿ. ಅಯ್ಯ, ಇದು ವಕೀಲರ ಹೆಂಡತಿ ಸೀರಿ ಅಲ್ಲೇನು? ಸಂಕ್ರಮಣದಾಗ ಹೊಸಾದು ಅಂತ ಉಟ್ಟಿದ್ದಳಲ್ಲೇ!"

ಬಟ್ಟೆ ಕೊಡುವುದರಲ್ಲೂ ನಮ್ಮೂರಿನವರದೊಂದು ಪದ್ಧತಿ. ಅಂಗಿ ಕೊಡುತ್ತಿದ್ದರು, ಗುಂಡಿ ಕತ್ತರಿಸಿಟ್ಟುಕೊಂಡು. ಲಂಗ ಕೊಡುತ್ತಿದ್ದರು, ಲಾಡಿ ಎಳೆದುಕೊಂಡು. ಕುಪ್ಪಸದ ಹುಕ್ಕುಗಳನ್ನು ಬಿಡುವ ಪ್ರಶ್ನೆಯೇ ಇಲ್ಲ. ಇನ್ನು ಕೆಲವರು, ತಮ್ಮ ಬಟ್ಟೆ ಹಿಡಿದು ಯಾರಾದರೂ ಮಾಟ ಮಾಡಿಸಿಯಾರೆಂದು ಒಂದೆರಡು ಎಳೆ ಕಿತ್ತಿಟ್ಟುಕೊಂಡು ಕೊಡುತ್ತಿದ್ದರು. ನಮ್ಮ ದೂರದ ಕಾಕಾ ಒಬ್ಬರಿಗೆ ವೈರಿಗಳು ಹೆಚ್ಚು. ಅವರು ಕೊಟ್ಟ ಧೋತರ ಸೊಳ್ಳೆಪರದೆಯಾಗಿ ಬಂತು. ಖಾಸಿಂಸಾಬರು ತಲೆಯ ಮೇಲೆ ಕೈ ಹೊತ್ತು, "ಮಾಸ್ತರಸಾಬ್, ಈ ಊರಾಗ ದಾನ ಕೊಡೋರ ಅಂಗಿಗಿ ಗುಂಡಿ ಇಲ್ಲ, ಗುಂಡಿ ಇದ್ದೋರು ದಾನ ಕೊಡೂದಿಲ್ಲ. ಕ್ಯಾ ಕರನಾ?" ಎನ್ನುತ್ತಿದ್ದರು.

ಅದಕ್ಕೇ ಶೀನಣ್ಣ, ಶಾಲೆಯ ಮಕ್ಕಳಿಗೆ ಹೊಸ ಅಂಗಿಯನ್ನೇ ಹೊಲಿಸಬೇಕೆಂದು ಹಟ ಹಿಡಿದ. ಬಟ್ಟೆ ವ್ಯಾಪಾರಿಯೊಬ್ಬರ ಬಾಗಿಲಿಗೆ ಎಂಟು ಭಾನುವಾರ ಅಲೆದು ಥಾನಿನ ಕೊನೆಯ ತುಂಡುಗಳನ್ನು ಪಡೆದ. ನೀಲಿ ಪಟ್ಟೆಪಟ್ಟೆ ಬಟ್ಟೆ. ಖಾಸಿಂಸಾಬರು ಬಿಡುವು ಮಾಡಿಕೊಂಡು ಮೂವತ್ತು ಅಂಗಿ ಹೊಲಿದರು. ಒಂದೊಂದಕ್ಕೂ ಆರಾರು ಗುಂಡಿ. ಅವನ್ನು ಚೀಲಕ್ಕೆ ತುಂಬಿ ಶೀನಣ್ಣ ಕಾರ್ಯದರ್ಶಿಯ ಗತ್ತಿನಲ್ಲಿ ಚೀಟಿ ಕಟ್ಟಿದ: 'ಶಾಲಾ ಅಂಗಿ. ದೇವದುರ್ಗ.' ವೈಶಾಖ ಮುಗಿಯುವುದರೊಳಗೆ ಹಂಚಿದರೆ ಶಾಲೆ ತೆರೆದ ದಿನ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಬರುತ್ತಾರೆ ಎಂಬುದು ಅವನ ಕನಸು.

ಆ ಚೀಲದ ಪಕ್ಕದಲ್ಲಿ ಇನ್ನೊಂದು ಚೀಲವಿತ್ತು. ಶೀನಣ್ಣ ಸಹಾಯ ಕೇಳಿ ಕಂಡಕಂಡ ಊರಿಗೆ ಪತ್ರ ಬರೆದಿದ್ದನಷ್ಟೆ, ಎಲ್ಲೋ ಗುಡ್ಡದ ಮೇಲಿನ ತಂಪು ಊರಿನ ಪುಣ್ಯಾತ್ಮರು ರೈಲಿನಲ್ಲಿ ಒಂದು ದೊಡ್ಡ ಗಂಟು ಕಳಿಸಿದ್ದರು. ಬಿಚ್ಚಿದರೆ ಸ್ವೆಟರು, ಮಫ್ಲರು, ಕಿವಿ ಮುಚ್ಚುವ ಮಂಗನ ಟೋಪಿ. ಅದನ್ನು ನೋಡುತ್ತಲೇ ನನಗೆ ಬೆವರು ಬಂತು. ರಾಯಚೂರಿನ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಅಂಗಳದಲ್ಲಿ ಹಪ್ಪಳ ಒಣಹಾಕಿದರೆ ಒಳಗೆ ತರುವಾಗ ಅವು ಅರ್ಧ ಸುಟ್ಟಿರುತ್ತವೆ. ಶೀನಣ್ಣ ಬಹಳ ಯೋಚಿಸಿ ಆ ಚೀಲಕ್ಕೂ ಒಂದು ಚೀಟಿ ಕಟ್ಟಿದ: 'ಉಣ್ಣೆ. ಭಾಂಡೆಗೆ.' ಹಳೆಯ ಬಟ್ಟೆಗೆ ಸ್ಟೀಲ್ ಭಾಂಡೆ ಕೊಡುವ ಗಂಗವ್ವ ಪ್ರತಿ ಮಂಗಳವಾರ ನಮ್ಮ ಓಣಿಗೆ ಬರುತ್ತಿದ್ದಳು. "ಆಕಿಗೆ ಈ ಉಣ್ಣಿ ಕೊಟ್ಟು ಶಾಲಿಗೆ ನೀರು ತುಂಬಲಿಕ್ಕೆ ಎರಡು ಕೊಡ ತೊಗೋ ಪದ್ದಿ" ಎಂದು ನನಗೆ ಹೇಳಿ ಹಳ್ಳಿಗೆ ಹೋದ.

ಮಂಗಳವಾರ ಗಂಗವ್ವ ಬಂದಳು. ಬುಟ್ಟಿ ಇಳಿಸಿ, ನಾನು ತಂದ ಸ್ವೆಟರನ್ನು ಎರಡು ಬೆರಳಲ್ಲಿ ಎತ್ತಿದಳು.

"ಇದೇನಬೇ ಯವ್ವಾ, ಕರಡಿ ಸುಲದು ತಂದೀಯಲ್ಲ!"

"ಉಣ್ಣೀದು. ಚಲೋ ಅದ."

"ಚಲೋ ಇದ್ರ ನೀ ಹಾಕ್ಕೊಂಡು ಒಂದು ಗಳಿಗಿ ಬಿಸಿಲಾಗ ನಿಲ್ಲು. ಎರಡಲ್ಲ, ನಾಕು ಕೊಡ ಪುಕ್ಕಟೆ ಕೊಡ್ತೀನಿ."

ನಾನು ನಿಲ್ಲಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಾದು ಒಳಗಿನ ಪಟ್ಟೆ ಅಂಗಿಯ ಮೇಲೆ ಕೂತಿತು. "ಅವು ಯಾವು?"

"ಅವು ಶಾಲಿ ಮಕ್ಕಳವು. ಕೊಡಂಗಿಲ್ಲ."

"ಕೊಡಬ್ಯಾಡ. ನಾ ಕೇಳಿದೆನೇನು? ಈ ಡಬ್ಬಿ ನೋಡು. ನೋಡಾಕ ಏನೂ ಕೊಡೂದಿಲ್ಲ."

ಅವಳು ಒಂದು ದೊಡ್ಡ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ಮೂರನೆಯದು ಹೊರಗೆ ಬರುವಾಗ ನಾನು ಬುಟ್ಟಿಯ ಪಕ್ಕದಲ್ಲಿ ಕೂತುಬಿಟ್ಟಿದ್ದೆ. ಐದನೆಯದು ಬಂದಾಗ, "ಎಷ್ಟು ಅಂಗಿಗೆ ಒಂದು ಡಬ್ಬಿ?" ಎಂದು ಯಾರೋ ಕೇಳಿದರು. ಧ್ವನಿ ನನ್ನದೇ.

ಒಂದೇ ದಿನದಲ್ಲಿ ಎಲ್ಲವೂ ಹೋಗಲಿಲ್ಲ. ಮೊದಲ ಮಂಗಳವಾರ ಕೆಲವು ಅಂಗಿ, ದೊಡ್ಡ ಡಬ್ಬಿ. ಮೂವತ್ತರಲ್ಲಿ ಇಷ್ಟು ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಎರಡನೆಯ ಮಂಗಳವಾರ, ಇಷ್ಟು ಕಡಿಮೆಯಾದದ್ದು ಹೇಗೂ ತಿಳಿಯುತ್ತದಲ್ಲ, ಇನ್ನಷ್ಟು ಹೋದರೆ ಹೆಚ್ಚೇನು ಎಂದುಕೊಂಡೆ. ಮೂರನೆಯ ಮಂಗಳವಾರ ಏನೂ ಅಂದುಕೊಳ್ಳಲಿಲ್ಲ. ಐದೂ ಡಬ್ಬಿ ನನ್ನ ಟ್ರಂಕು ಸೇರಿದವು. ಅಂಗಿಯ ಚೀಲ ನೆಲಕ್ಕೆ ಅಂಟಿಕೊಂಡಿತು.

ಹಂಚುವ ಹಿಂದಿನ ದಿನ ನಾನು ಎರಡೂ ಚೀಟಿಗಳನ್ನು ಬಿಚ್ಚಿದೆ. ಎರಡನ್ನೂ ಸ್ಪಷ್ಟವಾಗಿ ಓದಿ, ಅರ್ಥ ಮಾಡಿಕೊಂಡು, 'ಶಾಲಾ ಅಂಗಿ' ಎಂಬುದನ್ನು ಉಣ್ಣೆಯ ಚೀಲಕ್ಕೆ ಕಟ್ಟಿದೆ. ಮುಂದೇನು ಎಂದು ಕೇಳಬೇಡಿ. ಬಸ್ಸು ಕೆಟ್ಟು ನಿಂತೀತು, ಸಭೆ ಮುಂದೆ ಹೋದೀತು ಎಂದು ದೇವರ ಮೇಲೆ ಭಾರ ಹಾಕಿದ್ದೆ. ದೇವದುರ್ಗದ ಬಸ್ಸು ದಾರಿಯಲ್ಲಿ ನಿಲ್ಲದೆ ಹೋದ ದಿನ ನನ್ನ ನೆನಪಿನಲ್ಲಿ ಒಂದೇ ಒಂದಿದ್ದರೆ ಅದು ಅವತ್ತು.

ಬಸ್ಸಿನಲ್ಲಿ ಶೀನಣ್ಣ, ಖಾಸಿಂಸಾಬರು, ಉಗ್ರಾಣದ ನಾನು. ಮೇಲೆ ಚೀಲ. ಹಳ್ಳಿಯ ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಇಡೀ ಊರು ಕೂತಿತ್ತು. ಗಿಡದ ನೆರಳೂ ಬಿಸಿಯಾಗಿತ್ತು. ಶೀನಣ್ಣ ಒಂದು ಚಿಕ್ಕ ಮಾತಾಡಿ, ಚೀಲದ ಬಾಯಿ ಬಿಚ್ಚಿ, ಜನರ ಕಡೆಯೇ ಮುಖ ಮಾಡಿಕೊಂಡು ಒಳಗೆ ಕೈ ಹಾಕಿ, ಮೊದಲ ಅಂಗಿಯನ್ನು ಎತ್ತಿ ಹಿಡಿದ. ಅದು ದಪ್ಪ ಕೆಂಪು ಸ್ವೆಟರು. ಎದೆಯ ಮೇಲೆ ಎರಡು ಜಿಂಕೆ ಇದ್ದವು.

"ಯಾ ಅಲ್ಲಾ! ಇದು ನಾ ಹೊಲದದ್ದಲ್ಲ!" ಎಂದರು ಖಾಸಿಂಸಾಬರು.

ಶೀನಣ್ಣ ತಿರುಗಿ ತನ್ನ ಕೈಯಲ್ಲಿದ್ದ ಜಿಂಕೆಗಳನ್ನು ನೋಡಿದ. ಅಷ್ಟರಲ್ಲಿ, ಮೊದಲ ಹೆಸರು ತನ್ನ ಮೊಮ್ಮಕ್ಕಳದೆಂದು ಮುಂಚೆಯೇ ತಿಳಿದಿದ್ದ ಹನುಮವ್ವ ಎದ್ದು ಬಂದು ಅವನ ಕೈಯಿಂದ ಸ್ವೆಟರನ್ನು ಇಸಿದುಕೊಂಡಳು. ನಮ್ಮ ಕಡೆ ಮದುವೆ ಮುಂಜಿಯಲ್ಲಿ ಬಟ್ಟೆ ಉಡುಗೊರೆ ಕೊಡುವುದಕ್ಕೆ ಆಯೇರ ಎನ್ನುತ್ತಾರೆ. ಆಯೇರ ಮಾಡಿದ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟವರ ಎದುರಿಗೇ ಉಡಬೇಕು; ಮಡಚಿ ಬಗಲಲ್ಲಿ ಇಟ್ಟುಕೊಂಡರೆ ಕೊಟ್ಟವರಿಗೆ ಅವಮಾನ. ಹನುಮವ್ವ ಸ್ವೆಟರನ್ನು ಕಣ್ಣಿಗೊತ್ತಿಕೊಂಡಳು. ಸೆರಗಿನ ಮೇಲೆಯೇ ಅದನ್ನು ತೊಟ್ಟಳು. ಜಿಂಕೆಗಳನ್ನು ಸರಿಮಾಡಿಕೊಂಡು ಹೋಗಿ ತನ್ನ ಜಾಗದಲ್ಲಿ ಕೂತಳು.

ಹಿರಿಯಳು ತೊಟ್ಟ ಮೇಲೆ ಉಳಿದವರು ಒಲ್ಲೆ ಎನ್ನುವುದು ಹೇಗೆ? ಒಬ್ಬೊಬ್ಬರೇ ಬಂದರು, ಕಣ್ಣಿಗೊತ್ತಿಕೊಂಡರು, ತೊಟ್ಟರು. ಮಂಗನ ಟೋಪಿ ಹಾಕಿಕೊಂಡ ಗೌಡರ ಮುಖದಲ್ಲಿ ಕಣ್ಣು ಮೂಗು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅರ್ಧ ತಾಸಿನಲ್ಲಿ ವೈಶಾಖದ ಆ ಬಿಸಿಲಲ್ಲಿ ಇಡೀ ಊರು ಹಿಮ ಬೀಳುವುದನ್ನೇ ಕಾಯುತ್ತಿರುವಂತೆ ಕೂತಿತ್ತು.

ಶೀನಣ್ಣನಿಗೆ ಒಂದು ದುರಭ್ಯಾಸ. ತಳಮಳವಾದರೆ ಅವನು ಭಾಷಣ ಮಾಡುತ್ತಾನೆ. ಬೇಸಿಗೆಯಲ್ಲೇ ಚಳಿಗಾಲಕ್ಕೆ ಸಿದ್ಧರಾಗುವ ದೂರದೃಷ್ಟಿಯ ಬಗ್ಗೆ ಶುರುಮಾಡಿದವನು ಒಂದೂವರೆ ತಾಸು ನಿಲ್ಲಿಸಲಿಲ್ಲ. ಜನ ಬೆವರು ಸುರಿಸುತ್ತ, ಮರ್ಯಾದೆ ಬಿಡದೆ ಕೇಳಿದರು. ಒಬ್ಬರೂ ಒಂದು ಗುಂಡಿ ಬಿಚ್ಚಲಿಲ್ಲ. ಹೊರಡುವಾಗ, ಆಯೇರ ತೊಗೊಂಡು ಬರಿಗೈಲೆ ಕಳಿಸಬಾರದೆಂದು, ಹನುಮವ್ವ ತನ್ನ ಮನೆಯಿಂದ ಒಂದು ಕೌದಿ ತಂದು ಅವನ ಹೆಗಲಿಗೆ ಹೊದಿಸಿದಳು. ಹಳೆಯ ಸೀರೆಗಳ ತುಂಡು ಜೋಡಿಸಿ ಒತ್ತೊತ್ತಾಗಿ ಹೊಲಿಗೆ ಹಾಕಿದ ದಪ್ಪ ಕೌದಿ. ಅವನೂ ಅದನ್ನು ಹೊದ್ದುಕೊಂಡೇ ಬಸ್‌ಸ್ಟ್ಯಾಂಡಿನ ತನಕ ನಡೆಯಬೇಕಾಯಿತು.

ಬಸ್ಸಿನಲ್ಲಿ ಕೂತ ಮೇಲೆ ಅವನು ನನ್ನ ಕಡೆ ತಿರುಗಿದ. "ಪದ್ದಿ, ಅಂಗಿ ಎಲ್ಲಿ?"

ನಾನು ಹೇಳಬೇಕೆಂದಿದ್ದೆ. ನಿಜವಾಗಿ ಬಾಯಿ ತೆರೆದಿದ್ದೆ. ಆದರೆ ಹಿಂದಿನ ಸೀಟಿನಿಂದ ಖಾಸಿಂಸಾಬರು ಮುಂದೆ ಬಾಗಿ, "ಬಿಡ್ರಿ ಮಾಸ್ತರಸಾಬ್. ಪಾಪ, ಓದಾಕ ಬರ್ದ ಹುಡುಗಿ. ಚೀಟಿ ಅದಲಿಬದಲಿ ಆಗ್ಯದ. ಅಂಗಿ ಹೋಗಿ ಭಾಂಡೆವಾಲಿ ಬುಟ್ಟಿಗಿ ಬಿದ್ದಿರ್ಬೇಕು" ಎಂದರು.

ನಾನು ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿದೆ, ಅಷ್ಟೆ. ಶೀನಣ್ಣನ ಕೋಪ ಆ ಕ್ಷಣವೇ ಇಳಿಯಿತು. ಅವನ ಮುಖ ನೋಡಲಾಗಲಿಲ್ಲ. "ತಪ್ಪು ನಂದು" ಎಂದ. "ನಾ ಓದಿದೆ. ನಿನ್ನ ಬಿಡಿಸಿದೆ. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದೆ, ಮನ್ಯಾಗಿನ ಹುಡುಗಿ ಚೀಟಿ ಓದಲಾರದಂಗ ಆದಳು." ಕೌದಿಯ ಚುಂಗಿನಿಂದ ಅವನು ಬೆವರು ಒರೆಸಿಕೊಂಡ. ಬೆವರೇ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೇನೆ.

ಮನೆಗೆ ಬಂದವನೇ ಅವ್ವನಿಗೆ ಎಲ್ಲ ಹೇಳಿ, "ಇನ್ನ ಪ್ರತಿ ಆದಿತ್ಯವಾರ ಪದ್ದಿಗೆ ನಾ ಅಕ್ಷರ ಕಲಸ್ತೀನಿ" ಎಂದು ಸಾರಿದ.

ಅವ್ವ ಬಾಯಿ ತೆರೆದಳು. "ಅಯ್ಯ, ಆಕಿ ದಿನಾ ಪಂ..." ಎಂದವಳು ನನ್ನ ಮುಖ ನೋಡಿದಳು. ಆಮೇಲೆ ಟ್ರಂಕಿನ ಕಡೆ ನೋಡಿದಳು. ಡಬ್ಬಿಗಳನ್ನು ಅವಳು ಕಂಡಿದ್ದಳು. ಮಗಳ ಚಾಪೆಯ ಚಿಂತೆ ಅವಳಿಗೂ ಇತ್ತು. "ದಿನಾ ಪಂಚಪಾತ್ರಿ ತಿಕ್ಕೂದ್ರಾಗ ಇರ್ತಾಳ ಪಾಪ. ಕಲಸಪ್ಪಾ" ಎಂದು ಮಾತು ಮುಗಿಸಿದಳು. ಅಧ್ಯಕ್ಷರೂ ಸಂಚಿನಲ್ಲಿ ಸೇರಿದರು. ಶೀನಣ್ಣನಂತೂ, ಕೊಡದ ಬದಲು ಗಂಗವ್ವ ಡಬ್ಬಿ ಕೊಟ್ಟುಹೋದಳೆಂದು ಅವ್ವ ಹೇಳಿದ್ದನ್ನು ನಂಬಿ, ತಿಳಿಯದೆ ಬಂದ ಆ ಡಬ್ಬಿಗಳನ್ನು ನಾನೇ ಮದುವೆಗೆ ಇಟ್ಟುಕೊಳ್ಳಬೇಕೆಂದ. ತನ್ನ ಸಂಬಳದಲ್ಲಿ ಮತ್ತೆ ಬಟ್ಟೆ ತಂದು ಖಾಸಿಂಸಾಬರಿಗೆ ಕೊಟ್ಟ. ಅಂಗಿಗಳು ಹುಡುಗರ ಮೈಗೆ ಬಂದದ್ದು ದೀಪಾವಳಿಗೆ. ಅಲ್ಲಿಯತನಕ ಶಾಲೆಯಲ್ಲಿ ಆ ಒಂದೇ ಅಂಗಿ ಎರಡು ಪಾಳಿ ದುಡಿಯಿತು.

ಓದಲು ಬರುವವಳು ಓದಲು ಕಲಿಯುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. 'ಅ' ಬರೆ ಎಂದರೆ ಕೈ ತಾನಾಗಿ ಚಂದ ಬರೆದುಬಿಡುತ್ತಿತ್ತು. ಅದನ್ನು ವಕ್ರ ಮಾಡಲು ಬೆವರುತ್ತಿದ್ದೆ. ಶೀನಣ್ಣ ಆ ಬೆವರನ್ನು ಶ್ರದ್ಧೆ ಎಂದುಕೊಂಡ. ಪಾಠದ ನಡುವೆ ಅವನು ನೀರು ಕುಡಿಯಲು ಎದ್ದರೆ ಅವ್ವ ಒಳಗಿನಿಂದ ಪಂಚಾಂಗ ಜಾರಿಸಿ, "ಏಕಾದಶಿ ಯಾವತ್ತದ, ಸಣ್ಣಗ ಓದಿ ಹೇಳು" ಎಂದು ಪಿಸುಗುಟ್ಟುತ್ತಿದ್ದಳು. ಈ ನಾಟಕ ಬೇಗ ಮುಗಿದರೆ ಸಾಕೆಂದು ನಾನು ಮೂರನೆಯ ಭಾನುವಾರಕ್ಕೆ ಒತ್ತಕ್ಷರದ ತನಕ ಕಲಿತುಬಿಟ್ಟೆ. ಅದೇ ನಾನು ಮಾಡಿದ ಎರಡನೆಯ ತಪ್ಪು. ಶೀನಣ್ಣ ಕುಣಿದಾಡಿದ. ತನ್ನ ಕಲಿಸುವ ಪದ್ಧತಿಯಲ್ಲೇ ಏನೋ ಮಹಿಮೆಯಿದೆ ಎಂದು ಅವನಿಗೆ ಖಾತ್ರಿಯಾಯಿತು. ಮಾನ್ವಿಗೆ ಹೋಗಿ ನನ್ನ ಬೀಗರ ಮುಂದೆಯೂ, "ಓದು ಬರ್ತಿದ್ದಿಲ್ಲ, ಈಗ ಮೂರು ವಾರದಾಗ ಕಲಸೀನಿ" ಎಂದು ಪ್ರಾಮಾಣಿಕವಾಗಿ ಹೇಳಿಬಂದ. ನನ್ನ ಮಾವನವರು, "ಓದು ಬ್ಯಾಡ್ರಿ, ನಮ್ಮದು ಅಕ್ಕಿ ವ್ಯಾಪಾರ. ಹಳ್ಳು ಆರಿಸಲಿಕ್ಕೆ ಬಂದ್ರ ಸಾಕು" ಎಂದರಂತೆ.

ಇತ್ತ ಆ ಕೌದಿ ಶೀನಣ್ಣನ ತಲೆ ಹೊಕ್ಕಿತ್ತು. ಉಡಲು ಬಾರದ ಚಿಂದಿಯನ್ನೆಲ್ಲ ಹಳ್ಳಿಗೆ ಒಯ್ದು ಹೆಂಗಸರ ಕೈಯಲ್ಲಿ ಕೌದಿ ಹೊಲಿಸಿದರೆ? ಹನುಮವ್ವ ಮುಂದಾಳಾದಳು. ಯಾರಿಗೂ ಬೇಡವಾಗಿದ್ದ ಸ್ವೆಟರುಗಳನ್ನು ಬಿಡಿಸಿ ಒಳಪದರಕ್ಕೆ ಹಾಕಿದರು. ಆ ಬೆಚ್ಚನೆಯ ಕೌದಿಗಳು ಹೋಗಿ ಹೋಗಿ ಎಲ್ಲಿಗೆ ಬೇಕಾದವು ಎಂದರೆ, ಉಣ್ಣೆ ಕಳಿಸಿದ ಆ ಗುಡ್ಡದ ಊರಿಗೇ. ಅವರು ಬೇಕೆಂದು ಮತ್ತೆ ಮತ್ತೆ ಬರೆದರು. ಹೆಂಗಸರು ತಾವು ದುಡಿದದ್ದರಲ್ಲಿ ತಾವೇ ಅಂಗಿ ತೊಡಿಸುವಂತಾಯಿತು. ಸಂಘಕ್ಕೆ ಹೆಸರು ಬಂತು. ಶೀನಣ್ಣ ಕೌದಿ ಹೊಲಿಯುವ ಜಾಗದಲ್ಲೇ ಹಲಗೆ ಹಾಕಿ ಅವರಿಗೆಲ್ಲ ಅಕ್ಷರ ಕಲಿಸಲು ಕೂತ. ಎಲ್ಲಿ ಮಾತಾಡಿದರೂ ನನ್ನ ಕಥೆ ಹೇಳುತ್ತಿದ್ದ: "ನನ್ನ ತಂಗಿ ಚೀಟಿ ಓದಲಾರದ ತಪ್ಪಿನಿಂದ ನನ್ನ ಕಣ್ಣು ತೆರೀತು."

ನಾನು ಮದುವೆಯಾಗಿ ಮಾನ್ವಿಗೆ ಬಂದಿದ್ದೆ. ಅಭ್ಯಾಸ ತಪ್ಪಬಾರದೆಂದು ವಾರಕ್ಕೊಂದು ಪತ್ರ ಬರೆಯಬೇಕೆಂಬುದು ಅವನ ಕಟ್ಟಪ್ಪಣೆ. ಐದು ವರ್ಷ ಬರೆದೆ, ಅಕ್ಕಿಯ ಧಾರಣೆ, ಮಕ್ಕಳ ಹಲ್ಲು, ಕಾಲುವೆಯ ನೀರು. ಕೊನೆಗೊಂದು ವಾರ ಬರೆಯಲು ಏನೂ ಇರಲಿಲ್ಲ. ಆ ಒಂದು ವಿಷಯ ಮಾತ್ರ ಇತ್ತು. ಕೂತು ಎಲ್ಲವನ್ನೂ ಬರೆದೆ. ಗಂಗವ್ವ, ಡಬ್ಬಿ, ಚೀಟಿ, ಮೂರು ಭಾನುವಾರ. 'ಅಣ್ಣಾ, ನೀನು ನನ್ನನ್ನು ಮನೆಯಿಂದ ಹೊರಗೆ ಹಾಕಿದರೂ ಸರಿ' ಎಂದು ಮುಗಿಸಿ, ಅಳುತ್ತ ಅಂಚೆಗೆ ಹಾಕಿದೆ. ನಾನು ಐದು ವರ್ಷದಿಂದ ಬೇರೆ ಮನೆಯಲ್ಲಿದ್ದೆ ಎಂಬುದು ಆಮೇಲೆ ನೆನಪಾಯಿತು.

ಎಂಟು ದಿನ ಊಟ ಸೇರಲಿಲ್ಲ. ಒಂಬತ್ತನೆಯ ದಿನ ನನ್ನ ಪತ್ರವೇ ತಿರುಗಿ ಬಂತು. ಶೀನಣ್ಣ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದ. ಒತ್ತಕ್ಷರಗಳನ್ನು ಸರಿಪಡಿಸಿದ್ದ. ಗಂಗವ್ವನ ಮಾತಿನ ಪಕ್ಕದಲ್ಲಿ 'ಸಹಜವಾಗಿದೆ' ಎಂದಿತ್ತು. 'ನಾನೇ ಕದ್ದೆ' ಎಂಬಲ್ಲಿ ಗೆರೆ ಎಳೆದು 'ಪರಿಣಾಮಕಾರಿ' ಎಂದು ಬರೆದಿದ್ದ. ಕೆಳಗೆ, ಹತ್ತಕ್ಕೆ ಎಂಟು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: 'ಕೊನೆ ಸರಿಯಾಗಿಲ್ಲ. ಕಳ್ಳಿ ಅಣ್ಣನ ಮುಂದೆ ಅಷ್ಟೆಲ್ಲ ಅತ್ತಳು. ಅಂಗಿ ಕಳೆದುಕೊಂಡವರನ್ನು ಒಂದು ಮಾತು ಕೇಳಲಿಲ್ಲ. ಎರಡು ಅಂಕ ಅದಕ್ಕೆ.'

ಅವನು ಅದನ್ನು ಕಥೆಯೆಂದು ತಿಳಿದನೋ, ನಿಜವೆಂದು ತಿಳಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾಸ್ತರರ ಮುಖದಂತೆ ಅವರ ಕೆಂಪು ಶಾಯಿಯಿಂದಲೂ ಏನೂ ತಿಳಿಯುವುದಿಲ್ಲ. ಆದರೆ ಅಂಕ ಕಳೆದದ್ದು ಸರಿಯಾಗಿತ್ತು. ಐದು ವರ್ಷ ನಾನು ಹೆದರಿದ್ದು ಅಣ್ಣನಿಗೆ, ನಾಚಿದ್ದು ಅಣ್ಣನಿಗೆ. ಆ ಅಂಗಿ ಯಾರದ್ದಾಗಿತ್ತೋ ಅವರ ಮುಖ ಒಂದು ದಿನವೂ ನನ್ನ ಕಣ್ಣ ಮುಂದೆ ಬಂದಿರಲಿಲ್ಲ.

ಮಾರನೆಯ ದಿನವೇ ಸಿರವಾರದ ಮೇಲೆ ಹಾದು ದೇವದುರ್ಗಕ್ಕೆ ಹೋದೆ. ಹಳ್ಳಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಶಾಲೆಯ ಪಡಸಾಲೆಯಲ್ಲಿ ಕೌದಿ ಹರವಿ ಸುತ್ತ ಕೂತಿದ್ದರು. ಶೀನಣ್ಣ ಒಳಗೆ ಪಾಠ ಹೇಳುತ್ತಿದ್ದ, ಧ್ವನಿ ಕೇಳುತ್ತಿತ್ತು. ನಾನು ಹನುಮವ್ವನ ಮುಂದೆ ಕೂತು, ಪತ್ರದಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಬರೆಯದೆ ಬಿಟ್ಟದ್ದನ್ನೂ ಕೇಳಿದೆ. "ತಪ್ಪಾತು ಯವ್ವಾ. ಕ್ಷಮಿಸ್ರಿ." ಹೆಂಗಸರ ಸೂಜಿಗಳು ನಿಂತವು.

ಹನುಮವ್ವ ತನ್ನ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ಆ ಮಳಿಗಾಲ ನನ್ನ ಸಣ್ಣ ಮೊಮ್ಮಗ ಅಳಕೋಂತ ಮನ್ಯಾಗ ಕುಂತಿದ್ದ" ಎಂದಳು. "ಹೋಗಲಿ. ಈಗ ಅವಗ ಮೀಸಿ ಚಿಗತಾವ. ಕೇಳಿದೆಲ್ಲ, ಅದು ತೀರಿತು. ಆದ್ರ ಮೂರು ಆದಿತ್ಯವಾರದಾಗ ಕಲತಳು, ಮೂರು ಆದಿತ್ಯವಾರದಾಗ ಕಲತಳು ಅಂತ ನಿಮ್ಮಣ್ಣ ಐದು ವರ್ಸ ನಮ್ಮ ಜೀವಾ ತಿಂದಾನ. ನಮಗ ಬುದ್ಧಿ ಇಲ್ಲ ಅಂತ ನಾವು ರಾತ್ರಿ ನಿದ್ದಿ ಮಾಡಿಲ್ಲ. ಅದಕ್ಕ ಏನು ಮಾಡ್ತಿ?"

ಉಳಿದವರು ಸೆರಗು ಬಾಯಿಗೆ ಒತ್ತಿಕೊಂಡರು. ಒಬ್ಬಳು, "ಆಕಿ ಕಿವಿ ಹಿಡಿ ಬೇ" ಎಂದಳು.

"ನೀವು ಹೇಳಿದ್ದು ಮಾಡ್ತೀನಿ" ಎಂದೆ.

"ಹಂಗಾರ ಇಲ್ಲೇ ಕುಂಡ್ರು. ಸಂಜಿತನಕ ನಮ್ಮ ಜೋಡಿ ಸೂಜಿ ಹಿಡಿ." ಹನುಮವ್ವ ಕೌದಿಯ ಒಂದು ಅಂಚನ್ನು ನನ್ನ ಕಡೆ ಎಳೆದು ಕೊಟ್ಟಳು. ನಾನು ದಾರ ಪೋಣಿಸುವಾಗ ಅವಳು ಒಳಗಿನ ಪಾಠಕ್ಕೆ ಒಂದು ಗಳಿಗೆ ಕಿವಿಗೊಟ್ಟು, ಮತ್ತೆ ನನ್ನ ಕಡೆ ಬಾಗಿದಳು.

"ಇನ್ನೊಂದು ಅದ. ಆವತ್ತು ಬೆಂಕಿಯಂಥಾ ಬಿಸಿಲಾಗ ಆ ಉಣ್ಣಿ ತೊಟ್ಟು ಒಂದೂವರಿ ತಾಸು ಭಾಷಣ ಕೇಳಿದೆವಲ್ಲ, ಅದರ ಕ್ಷಮಾ ನೀ ಕೇಳಬ್ಯಾಡ. ಅದಕ್ಕ ನಿಮ್ಮಣ್ಣನ್ನ ಕಳಸು."